ತೋಳದ ಹಿಂಡು, ಮನೆಯ ಬಾಗಿಲು

ಹಿಂದಿನ ಸಂಚಿಕೆಯಲ್ಲಿ ಹದಿಹರೆಯದವರ ತೋಳಮಾನವ ಕಾದಂಬರಿಗಳ (ಮನುಷ್ಯರು ತೋಳಗಳಾಗಿ ಬದಲಾಗುವ ಕಥೆಗಳ) ಬಗ್ಗೆ ಬಂದಿದ್ದ ಪ್ರಶ್ನೆಯೊಂದಕ್ಕೆ ಚುಟುಕಾಗಿ ಉತ್ತರಿಸಿದ್ದೆ. ಅದರ ಬೆನ್ನಿಗೇ ಬಂದ ಪತ್ರಗಳನ್ನು ಓದಿದ ಮೇಲೆ, ಈ ಬಾರಿ ಬೇರೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಇವನ್ನೇ ತೆಗೆದುಕೊಂಡಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ಗಾಂಧಿ ಬಜಾರಿನ ಹಿಂದಿನ ರಸ್ತೆಯೊಂದರಲ್ಲಿ ಬಾಡಿಗೆ ಪುಸ್ತಕಗಳ ಲೈಬ್ರರಿ ನಡೆಸುವವಳು ನಾನು. ಮಕ್ಕಳ ಪುಸ್ತಕಗಳ ಬಗ್ಗೆ ಬರೆಯುವ ಹಕ್ಕು ನನಗೆ ಬಂದಿದ್ದು ಆ ಕೌಂಟರಿನ ಹಿಂದೆ ಕುಳಿತೇ.

ಪ್ರಶ್ನೆ: ನನ್ನ ಮಗಳಿಗೆ 15 ವರ್ಷ, ಎಸ್‌ಎಸ್‌ಎಲ್‌ಸಿ. ಒಂದು ವರ್ಷದಿಂದ ಬರೀ ತೋಳಗಳ ಕಥೆ ಓದುತ್ತಾಳೆ. ನಾನೂ ಒಂದೆರಡು ತಿರುವಿ ನೋಡಿದೆ. ಎಲ್ಲದರಲ್ಲೂ ಅಪ್ಪ ಅಮ್ಮ ಬೇಜವಾಬ್ದಾರಿಗಳು, ಪ್ರೀತಿ ಕೊಡುವವರು ತೋಳಗಳು. ನಾನು ನರ್ಸ್, ತಿಂಗಳಲ್ಲಿ ಅರ್ಧ ರಾತ್ರಿ ಪಾಳಿ. ಮೊನ್ನೆ ಜಗಳದಲ್ಲಿ "ನಿನಗಿಂತ ಆ ತೋಳಗಳೇ ವಾಸಿ" ಎಂದುಬಿಟ್ಟಳು. ಈ ಪುಸ್ತಕಗಳನ್ನು ನಿಲ್ಲಿಸಿಬಿಡಲೇ ಮೇಡಂ?
— ಒಬ್ಬ ತಾಯಿ, ವಿಜಯನಗರ

ಉತ್ತರ: ರಾತ್ರಿಯಿಡೀ ಬೇರೆಯವರ ಮಕ್ಕಳ ಜ್ವರ ನೋಡಿಕೊಂಡು ಬಂದವರಿಗೆ ಸ್ವಂತ ಮಗಳಿಂದ ಇಂಥ ಮಾತು ಕೇಳುವುದು ಕಷ್ಟ. ಆದರೂ ಪುಸ್ತಕ ಕಸಿದುಕೊಳ್ಳಬೇಡಿ. ಅವುಗಳಲ್ಲಿ ನಿಮ್ಮ ಪರವಾಗಿ ಸಾಕ್ಷಿ ಹೇಳುವವೂ ಇವೆ.

ಮ್ಯಾಗಿ ಸ್ಟೀಫ್‌ವಾಟರ್ ಅವರ 'ಶಿವರ್' ನಿಮ್ಮ ಮಗಳು ಓದಿರಬಹುದು. 2009ರಲ್ಲಿ ಬಂದದ್ದು, ನನ್ನಲ್ಲಿರುವ ಪ್ರತಿಯ ಬೆನ್ನು ಬಿಟ್ಟುಹೋಗಿ ಅಂಟುಪಟ್ಟಿ ಹಾಕಿದ್ದೇನೆ. ಅಮೆರಿಕದ ಮಿನ್ನೆಸೋಟಾದ ಒಂದು ಚಳಿಯ ಊರು. ಗ್ರೇಸ್ ಎಂಬ ಹುಡುಗಿಯನ್ನು ಚಿಕ್ಕವಳಿದ್ದಾಗ ಮನೆಯ ಹಿತ್ತಲಿನ ಉಯ್ಯಾಲೆಯಿಂದಲೇ ತೋಳಗಳು ಎಳೆದೊಯ್ದಿರುತ್ತವೆ. ಕಚ್ಚಿಸಿಕೊಂಡವಳು ತೋಳವಾಗಬೇಕಿತ್ತು, ಆಗಿರುವುದಿಲ್ಲ. ಯಾಕೆ ಎಂಬುದಕ್ಕೆ ಲೇಖಕಿ ಕೊಡುವ ಕಾರಣ ನನ್ನನ್ನು ಇವತ್ತಿಗೂ ಕಾಡುತ್ತದೆ. ಅಪ್ಪ ಅವಳನ್ನು ಸುಡುಬಿಸಿಲಿನಲ್ಲಿ ನಿಂತ ಕಾರಿನೊಳಗೆ ಮರೆತು ಹೋಗಿದ್ದ. ಮೈ ಕಾದು ಸಾವಿನ ಬಾಯಿಗೆ ಹೋಗಿ ಬಂದಳು, ಆ ಕಾವಿನಿಂದಲೇ ಅವಳೊಳಗಿನ ತೋಳ ಹೊರಬರದೆ ಉಳಿಯಿತು. ಇಡೀ ಕಾದಂಬರಿ ನಿಂತಿರುವುದು ಒಬ್ಬ ತಂದೆಯ ಮರೆವಿನ ಮೇಲೆ.

ಆ ಅಪ್ಪ ಅಮ್ಮ ಹೊಡೆಯುವ ಬಡಿಯುವ ಜನರಲ್ಲ. ಅಮ್ಮ ಚಿತ್ರಕಲಾವಿದೆ, ತನ್ನ ಬಣ್ಣಗಳಲ್ಲಿ ಮುಳುಗಿದವಳು. ಮನೆಯಲ್ಲಿ ಅಡುಗೆಗೆ ನಿಲ್ಲುವವಳು ಮಗಳು. 2010ರ ಎರಡನೆಯ ಭಾಗ 'ಲಿಂಗರ್'ನಲ್ಲಿ ಮಗಳ ಹಾಸಿಗೆಯಲ್ಲಿ ಹುಡುಗನೊಬ್ಬನನ್ನು ಕಂಡದ್ದೇ ತಡ, ಇಬ್ಬರೂ ರಾತ್ರೋರಾತ್ರಿ ಕಟ್ಟುನಿಟ್ಟಿನ ತಂದೆ ತಾಯಿಯಾಗಿಬಿಡುತ್ತಾರೆ. ಅಷ್ಟು ವರ್ಷ ಎಲ್ಲಿದ್ದಿರಿ ಎಂದು ಓದುವ ಹುಡುಗಿಯರಿಗೆ ಮೈ ಉರಿಯುತ್ತದೆ. ನನಗೂ ಉರಿಯಿತು.

ಈಗ ನಿಮ್ಮ ಕಡೆಯ ಸಾಕ್ಷಿ. 2011ರಿಂದ 2017ರವರೆಗೆ ಬಂದ 'ಟೀನ್ ವುಲ್ಫ್' ಧಾರಾವಾಹಿಯ ನಾಯಕ ಸ್ಕಾಟ್‌ನ ತಾಯಿ ಮೆಲಿಸಾ ಕೂಡ ನರ್ಸ್. ಗಂಡ ಜೊತೆಯಲ್ಲಿಲ್ಲ, ಆಸ್ಪತ್ರೆಯ ಪಾಳಿ ತಪ್ಪುವುದಿಲ್ಲ. ಮಗ ರಾತ್ರಿ ಎಲ್ಲಿ ಅಲೆಯುತ್ತಾನೆ ಎಂಬುದು ಅವಳಿಗೆ ಬಹಳ ಕಾಲ ಗೊತ್ತೇ ಆಗುವುದಿಲ್ಲ. ಗೊತ್ತಾದ ದಿನ ಬೆದರಿ ಹಿಂದೆ ಸರಿಯುತ್ತಾಳೆ. ಆಮೇಲೆ ಚೇತರಿಸಿಕೊಂಡು ಮಗನ ಜೊತೆಗೆ ಅವನ ಗೆಳೆಯರನ್ನೂ ತನ್ನವರಾಗಿ ಮಾಡಿಕೊಳ್ಳುತ್ತಾಳೆ. ಮನೆಯಲ್ಲಿ ಇಲ್ಲದಿರುವುದಕ್ಕೂ ಮಗುವಿನ ಮೇಲೆ ಗಮನ ಇಲ್ಲದಿರುವುದಕ್ಕೂ ಇರುವ ವ್ಯತ್ಯಾಸವನ್ನು ಆ ಪಾತ್ರ ಚೆನ್ನಾಗಿ ತೋರಿಸುತ್ತದೆ. ಗ್ರೇಸ್‌ಳ ಅಮ್ಮ ಮನೆಯಲ್ಲಿದ್ದೂ ಇರಲಿಲ್ಲ. ಮೆಲಿಸಾ ಆಸ್ಪತ್ರೆಯಲ್ಲಿದ್ದೂ ಇದ್ದಳು.

ನಿಮ್ಮ ಪಾಳಿಯ ಪಟ್ಟಿಯ ಒಂದು ಪ್ರತಿಯನ್ನು ಫ್ರಿಜ್ ಮೇಲೆ ಅಂಟಿಸಿ. ಯಾವ ಸಂಜೆ ನೀವು ಅವಳವರು ಎಂಬುದು ಮಗಳಿಗೆ ಮುಂಚೆಯೇ ತಿಳಿದಿರಲಿ, ಆ ಸಂಜೆಯನ್ನು ನೆಂಟರಿಗೂ ಬಿಟ್ಟುಕೊಡಬೇಡಿ. ಅಂಥ ಒಂದು ಸಂಜೆ "ಆ ಕಥೆಗಳಲ್ಲಿ ನಿನಗೆ ಇಷ್ಟವಾದ ಅಮ್ಮ ಯಾರಾದರೂ ಇದ್ದಾಳೆಯೇ?" ಎಂದು ಕೇಳಿ. ಉತ್ತರ ಬರುವವರೆಗೆ ನೀವು ಮಾತನಾಡಬೇಡಿ.

ಪ್ರಶ್ನೆ: ಈ ಪುಸ್ತಕಗಳಲ್ಲಿ ಒಬ್ಬ 'ಆಲ್ಫಾ' ಇರುತ್ತಾನೆ, ಅವನು ಹೇಳಿದ್ದೇ ಕಾನೂನು. ನಿಜವಾದ ತೋಳಗಳೂ ಹೀಗೆಯೇ ಬದುಕುತ್ತವೆಯೇ?
— ಪಿಯುಸಿ ವಿದ್ಯಾರ್ಥಿ, ಕೆಂಗೇರಿ

ಉತ್ತರ: ಇಲ್ಲ. ಇದು ಎಲ್ಲಿಂದ ಬಂತು ಎಂಬುದೂ ಗೊತ್ತಿರುವ ಸಂಗತಿ. ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು ಗಮನಿಸಿ 1947ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಇಕ್ಕಟ್ಟಿನ ಜಾಗದಲ್ಲಿ ಒಟ್ಟಿಗೆ ಬಿದ್ದ ಆ ಪ್ರಾಣಿಗಳು ಮೇಲುಗೈಗಾಗಿ ಕಚ್ಚಾಡಿದ್ದವು. ಅಮೆರಿಕದ ಡೇವಿಡ್ ಮೆಕ್ 1970ರ ತಮ್ಮ ಪುಸ್ತಕದಲ್ಲಿ ಆಲ್ಫಾ ಎಂಬ ಕಲ್ಪನೆಗೆ ಜಾಗ ಕೊಟ್ಟರು, ಅದು ಜಗತ್ತಿಗೆಲ್ಲ ಹರಡಿತು. ಮುಂದೆ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಬೇಸಿಗೆಯ ಮೇಲೆ ಬೇಸಿಗೆ ಕಾಡುತೋಳಗಳ ಜೊತೆಗಿದ್ದು ನೋಡಿದ ಅದೇ ಮೆಕ್, 1999ರಲ್ಲಿ ಬರೆದ ಪ್ರಬಂಧದಲ್ಲಿ ವಿಷಯವನ್ನು ಸ್ಪಷ್ಟಪಡಿಸಿದರು. ಕಾಡಿನ ಹಿಂಡು ಸಾಮಾನ್ಯವಾಗಿ ಒಂದು ಕುಟುಂಬ: ತಂದೆ, ತಾಯಿ, ಆ ವರ್ಷದ ಮರಿಗಳು, ಹಿಂದಿನ ವರ್ಷದ ಅಕ್ಕ ಅಣ್ಣಂದಿರು. ಹಿಂಡನ್ನು ನಡೆಸುವುದು ಹೆತ್ತವರು.

ಬೆಳೆದ ಮರಿಗಳು ಒಂದೆರಡು ವರ್ಷಕ್ಕೆ ಹಿಂಡು ಬಿಟ್ಟು ಹೊರಡುತ್ತವೆ. ಜೋಡಿ ಹುಡುಕಿಕೊಂಡು ಬೇರೆ ನೆಲದಲ್ಲಿ ತಮ್ಮದೇ ಸಂಸಾರ ಹೂಡುತ್ತವೆ. ಕಾದಂಬರಿಗಳಲ್ಲಿ ಹಿಂಡು ಬಿಡುವುದೆಂದರೆ ದ್ರೋಹ. ತೋಳಗಳಲ್ಲಿ ಅದು ಪ್ರಾಯಕ್ಕೆ ಬಂದುದರ ಗುರುತು.

ಹೆತ್ತವರಲ್ಲದವರು ಸಾಕುವುದೂ ಅವುಗಳಲ್ಲಿ ಉಂಟು. 1995ರಲ್ಲಿ ಕೆನಡಾದಿಂದ ತಂದು ಅಮೆರಿಕದ ಯೆಲ್ಲೋಸ್ಟೋನ್ ಉದ್ಯಾನಕ್ಕೆ ಬಿಟ್ಟ ತೋಳಗಳಲ್ಲಿ 10ನೇ ಸಂಖ್ಯೆಯ ಗಂಡನ್ನು ಯಾರೋ ಗುಂಡಿಟ್ಟು ಕೊಂದರು. ಅದರ ಜೋಡಿಯಾದ 9ನೇ ಸಂಖ್ಯೆಯ ಹೆಣ್ಣು 8 ಮರಿಗಳೊಂದಿಗೆ ಒಂಟಿಯಾಯಿತು. ಆಗ ಅವುಗಳನ್ನು ಸೇರಿಕೊಂಡದ್ದು 8ನೇ ಸಂಖ್ಯೆಯ ಗಂಡು, ಸ್ವತಃ ಇನ್ನೂ ಎಳೆಯ ತೋಳ. ತನ್ನದಲ್ಲದ ಅಷ್ಟೂ ಮರಿಗಳನ್ನು ತನ್ನದೆಂದೇ ಬೆಳೆಸಿತು. ಇಂಥದ್ದನ್ನು ಓದಿದ ಮೇಲೆ ನನಗೆ ಆಲ್ಫಾಗಳ ಗುಡುಗು ಸಪ್ಪೆ ಎನ್ನಿಸುತ್ತದೆ.

ಪ್ರಶ್ನೆ: ನಾವು ಚಿಕ್ಕವರಿದ್ದಾಗ ಟಾಕೀಸಿನಲ್ಲಿ ನೋಡುತ್ತಿದ್ದ ತೋಳಮಾನವ ಒಬ್ಬಂಟಿ. ಈಗ ಅವನಿಗೆ ಹಿಂಡು ಎಲ್ಲಿಂದ ಬಂತು?
— ನಿವೃತ್ತ ಬ್ಯಾಂಕ್ ನೌಕರ, ಜಯನಗರ

ಉತ್ತರ: 1941ರ 'ದಿ ವುಲ್ಫ್ ಮ್ಯಾನ್' ಚಿತ್ರವನ್ನು ನೆನಪಿಸಿಕೊಳ್ಳಿ ಸಾರ್. ತೋಳವಾದ ಮಗನನ್ನು ಬೆಳ್ಳಿ ಹಿಡಿಯ ಬೆತ್ತದಿಂದ ಹೊಡೆದು ಕೊಲ್ಲುವವನು ಅವನ ತಂದೆಯೇ, ಹೊಡೆಯುವಾಗ ಅದು ಮಗನೆಂದು ತಿಳಿದಿರುವುದಿಲ್ಲ. ದೊಡ್ಡವರು ಬರೆದ ದೊಡ್ಡವರ ಕಥೆ ಅದು, ಶಾಪ ಮನೆಗೆ ಬಂದ ಕಥೆ. ಹದಿಹರೆಯದವರಿಗಾಗಿ ಬರೆಯತೊಡಗಿದ ಲೇಖಕರು ಅದನ್ನೇ ಹೊಡೆಸಿಕೊಂಡವನ ಕಡೆಯಿಂದ ನೋಡಿದರು. ಮನೆಯವರು ಗುರುತು ಹಿಡಿಯದ ಹುಡುಗನಿಗೆ ಗುರುತು ಹಿಡಿಯುವ ಜನ ಬೇಕಾಯಿತು. ಹಿಂಡು ಅಲ್ಲಿಂದ ಬಂತೆಂದು ನನ್ನ ಎಣಿಕೆ.

ಪ್ರಶ್ನೆ: ಅಕ್ಕ, ನನಗೆ 17 ವರ್ಷ. ನಮ್ಮ ಮನೆಯಲ್ಲಿ ಯಾರೂ ನನ್ನನ್ನು ಹೊಡೆಯುವುದಿಲ್ಲ, ಫೀಸು ಸಮಯಕ್ಕೆ ಕಟ್ಟುತ್ತಾರೆ. ಆದರೆ ನಾನು ಯಾವ ಕಾಂಬಿನೇಷನ್ ಓದುತ್ತಿದ್ದೇನೆ ಎಂದು ಅಪ್ಪನಿಗೆ ಗೊತ್ತಿಲ್ಲ. ಹೈಸ್ಕೂಲಿನಿಂದ ಪೋಷಕರ ಸಭೆಗೆ ಒಬ್ಬರೂ ಬಂದಿಲ್ಲ. ಡೆಂಗಿ ಬಂದಾಗ ಗಂಜಿ ಮಾಡಿಕೊಟ್ಟವರು ಮೇಲಿನ ಮಹಡಿಯ ಅಜ್ಜಿ, ರಕ್ತಪರೀಕ್ಷೆಗೆ ಆಟೋದಲ್ಲಿ ಕರೆದೊಯ್ದವರು ಇಬ್ಬರು ಗೆಳತಿಯರು. ತೋಳದ ಕಥೆಗಳನ್ನು ಓದುವಾಗ ಇವರೇ ನನ್ನ ಹಿಂಡು ಅನ್ನಿಸುತ್ತದೆ. ಹಾಗೆ ಅನ್ನಿಸಿದಾಗಲೆಲ್ಲ ಹೆತ್ತವರಿಗೆ ಕೃತಘ್ನಳಾಗುತ್ತಿದ್ದೇನೆ ಎಂದು ಅಳು ಬರುತ್ತದೆ.
— ಹೆಸರು ಬೇಡ, ಹೆಬ್ಬಾಳ

ಉತ್ತರ: ಕೃತಘ್ನಳಲ್ಲ, ಮಗು. ಇದನ್ನು ಮೊದಲು ಹೇಳಿ ಮುಂದಕ್ಕೆ ಹೋಗುತ್ತೇನೆ.

ನನ್ನ ಲೈಬ್ರರಿಯ ಸದಸ್ಯತ್ವದ ಅರ್ಜಿಯಲ್ಲಿ ಪೋಷಕರ ಸಹಿಗೆಂದು ಒಂದು ಗೆರೆಯಿದೆ. ಮಕ್ಕಳೇ ಹಾಕಿದ ಸಹಿ ನೋಡಿದ ಕೂಡಲೇ ತಿಳಿಯುತ್ತದೆ. ಅಪ್ಪನ ಹೆಸರಿನ ಒತ್ತಕ್ಷರವನ್ನು ತೀರಾ ಜೋಪಾನವಾಗಿ ಬರೆದಿರುತ್ತಾರೆ, ಕೆಳಗೆ ದೊಡ್ಡವರ ಹಾಗೆ ಒಂದು ಗೆರೆ ಎಳೆದು ಎರಡು ಚುಕ್ಕಿ ಇಟ್ಟಿರುತ್ತಾರೆ, ಶಾಯಿ ಮಾತ್ರ ಮೇಲಿನ ಸಾಲಿನದ್ದೇ. ಕೆಲವರು ತುಂಟತನಕ್ಕೆ ಹಾಕುತ್ತಾರೆ. ಉಳಿದವರು ಸಹಿ ಕೇಳಲು ಹೋದರೆ "ಆಮೇಲೆ" ಎಂಬ ಉತ್ತರವನ್ನು ಕೇಳಿ ಕೇಳಿ ಸಾಕಾದವರು. ಅಂಥ ಅರ್ಜಿಯನ್ನು ನಾನು ಹಿಂದಕ್ಕೆ ಕಳಿಸುವುದಿಲ್ಲ. ಕಾರ್ಡು ಕೊಡುತ್ತೇನೆ, ಕೂರಿಸಿ ಮಾತನಾಡಿಸುತ್ತೇನೆ. ಆ ಮಕ್ಕಳಲ್ಲಿ ಎಷ್ಟೋ ಜನ ನಿನ್ನ ಹಾಗೆಯೇ ಮಾತು ಶುರುಮಾಡುತ್ತಾರೆ: ಯಾರೂ ಹೊಡೆಯುವುದಿಲ್ಲ, ಫೀಸು ಕಟ್ಟುತ್ತಾರೆ.

ಹೊಡೆತ ಬಿದ್ದಿಲ್ಲ ಎಂಬುದು ಹೆತ್ತವರಿಗೆ ಕೊಡಬೇಕಾದ ಪ್ರಶಸ್ತಿಯಲ್ಲ. ಡೆಂಗಿ ಜ್ವರದಲ್ಲಿ ಮಲಗಿದ ಮಗಳ ಪ್ಲೇಟ್‌ಲೆಟ್ ಎಷ್ಟೆಂದು ಕೇಳದಿರುವುದು ನಿರ್ಲಕ್ಷ್ಯವೇ. ಅದಕ್ಕೆ ಕಾರಣಗಳಿರಬಹುದು. ವ್ಯಾಪಾರದ ಸಾಲ, ಅವರಿಬ್ಬರ ನಡುವಿನ ಮುನಿಸು, ಮನಸ್ಸಿನ ಕಾಯಿಲೆ. ಕಾರಣ ತಿಳಿದರೆ ಅವರ ಮೇಲಿನ ಸಿಟ್ಟು ಸ್ವಲ್ಪ ಇಳಿಯಬಹುದು, ನಿನಗೆ ಸಿಗದೆ ಹೋದದ್ದು ಮಾತ್ರ ಸಿಕ್ಕಂತಾಗುವುದಿಲ್ಲ.

ನಮ್ಮ ಮಹಾಭಾರತದ ಕರ್ಣನ ವಿಷಯಕ್ಕೆ ಬಾ. ಯುದ್ಧಕ್ಕೆ ಮೊದಲು ಕೃಷ್ಣ ಅವನಿಗೆ ಹುಟ್ಟಿನ ಗುಟ್ಟು ಹೇಳುತ್ತಾನೆ, ರಾಜ್ಯವನ್ನೇ ಮುಂದಿಡುತ್ತಾನೆ. ಉದ್ಯೋಗಪರ್ವದಲ್ಲಿ ಕರ್ಣ ಕೊಡುವ ಉತ್ತರದಲ್ಲಿ ಅವನ ಸಾಕುತಾಯಿ ರಾಧೆ ಬರುತ್ತಾಳೆ. ನನ್ನನ್ನು ಕಂಡ ಕ್ಷಣ ಅವಳ ಎದೆಯಲ್ಲಿ ಹಾಲು ಬಂತು, ನನ್ನ ಮಲಮೂತ್ರ ಬಳಿದವಳು ಅವಳು, ಅಂಥವಳಿಗೆ ಪಿಂಡ ತಪ್ಪಿಸಲೇ ಎಂದು ಕೇಳುತ್ತಾನೆ. ಸೂರ್ಯನ ಮಗನೆಂದು ಗೊತ್ತಾದ ಮೇಲೂ ಅವನು ಲೆಕ್ಕಕ್ಕೆ ತೆಗೆದುಕೊಂಡದ್ದು ಬಟ್ಟೆ ಬದಲಿಸಿದ ಕೈಯನ್ನು. ಆಮೇಲೆ ಕುಂತಿಯೇ ಗಂಗೆಯ ತಡಿಗೆ ಬಂದು ಬೇಡಿದಾಗ ಅವಳನ್ನು ಬರಿಗೈಯಲ್ಲೂ ಕಳಿಸಲಿಲ್ಲ, ಅರ್ಜುನನೊಬ್ಬನನ್ನು ಬಿಟ್ಟು ಉಳಿದವರನ್ನು ಕೊಲ್ಲುವುದಿಲ್ಲ ಎಂದು ಮಾತು ಕೊಟ್ಟ. ನಿನ್ನ ಮೇಲಿನ ಮಹಡಿಯ ಅಜ್ಜಿಯನ್ನು ನಿನ್ನವರೆಂದುಕೊಳ್ಳಲು ಹೆತ್ತವರನ್ನು ದ್ವೇಷಿಸಬೇಕಾಗಿಲ್ಲ. ದ್ವೇಷ ಬಂದರೂ ಅದು ಪಾಪವಲ್ಲ, ಬಂದು ಹೋಗುತ್ತದೆ.

ಆದರೆ ಕರ್ಣನಿಗೆ ಇನ್ನೊಬ್ಬ ಆಪ್ತನಿದ್ದ. ತುಂಬಿದ ಸಭೆಯಲ್ಲಿ ಎಲ್ಲರೂ ಕುಲ ಕೇಳಿ ನಗುವಾಗ ಅಂಗರಾಜ್ಯ ಕೊಟ್ಟು ಕೈಹಿಡಿದವನು ದುರ್ಯೋಧನ. ಪ್ರೀತಿ ಸುಳ್ಳಾಗಿರಲಿಲ್ಲ. ಅವನಿಗೆ ಕರ್ಣನ ಬಿಲ್ಲು ಬೇಕಾಗಿತ್ತು ಎಂಬುದೂ ಸುಳ್ಳಾಗಿರಲಿಲ್ಲ. ನೀನು ಓದುವ ಪುಸ್ತಕಗಳಲ್ಲಿ ಎಚ್ಚರದಿಂದ ನೋಡಬೇಕಾದ ಜಾಗ ಇದು. 'ಶಿವರ್'ನ ನಾಯಕ, ತೋಳವಾಗುವ ಹುಡುಗ ಸ್ಯಾಮ್‌ನನ್ನು ಹೆತ್ತವರೇ ಕೊಲ್ಲಲು ನೋಡಿದರು, ಸಾಕಿ ಬೆಳೆಸಿದವನು ಹಿಂಡಿನ ಹಿರಿಯ ಬೆಕ್. ಅವನು ಹುಡುಗನಿಗೆ ಮನೆ ಕೊಟ್ಟ, ಓದು ಕೊಟ್ಟ. ಅದೇ ಬೆಕ್ ಹಿಂಡು ಮುಂದುವರಿಯಬೇಕೆಂದು ಹೊಸ ಎಳೆಯರನ್ನು ತೋಳಗಳಾಗಿ ಮಾಡಿ ಕಾರಿನಲ್ಲಿ ತರುತ್ತಾನೆ. ಅದನ್ನು ಕಂಡ ಸ್ಯಾಮ್‌ಗೆ ಕಾಲ ಕೆಳಗಿನ ನೆಲ ಕುಸಿಯುತ್ತದೆ. 'ಟೀನ್ ವುಲ್ಫ್'ನ ಡೆರೆಕ್ ತನ್ನ ಹಿಂಡಿಗೆ ಆರಿಸಿಕೊಳ್ಳುವುದು ಯಾರನ್ನು? ತಂದೆ ಫ್ರೀಜರಿನೊಳಗೆ ಕೂಡಿಹಾಕುತ್ತಿದ್ದ ಐಸಾಕ್‌ನನ್ನು, ಮೂರ್ಛೆರೋಗದಿಂದ ನಗೆಪಾಟಲಾದ ಎರಿಕಾಳನ್ನು, ಊಟದ ಹೊತ್ತಿನಲ್ಲಿ ಒಬ್ಬನೇ ಕೂರುವ ಬಾಯ್ಡ್‌ನನ್ನು. ಎಲ್ಲಿ ಕೊರತೆಯಿದೆ ಎಂದು ಅವನಿಗೆ ಗೊತ್ತು. ಒಂದು ದಿನ ಅವನೇ ಐಸಾಕ್ ಕಡೆಗೆ ಗಾಜಿನ ಲೋಟ ಎಸೆದು ಹೊರಗೆ ಹಾಕುತ್ತಾನೆ. ಮಳೆಯಲ್ಲಿ ನೆನೆದ ಆ ಹುಡುಗ ಹೋಗಿ ನಿಲ್ಲುವುದು ಸ್ಕಾಟ್‌ನ ಮನೆಯ ಬಾಗಿಲಲ್ಲಿ. 'ಟ್ವಿಲೈಟ್' ಸರಣಿಯಲ್ಲಿ ಎಮಿಲಿಯ ಅಡುಗೆಮನೆ ಎಲ್ಲ ಹುಡುಗರಿಗೂ ಇಷ್ಟ, ಬಿಸಿಬಿಸಿ ತಿಂಡಿ, ನಗು. ಅವಳ ಮುಖದ ಗಾಯ ಮಾಡಿದವನು ಅವಳನ್ನು ಮದುವೆಯಾಗಲಿರುವ, ಆ ಹಿಂಡಿನ ನಾಯಕನೇ. ಆ ಪುಟಗಳನ್ನು ಬೇಗ ದಾಟಬೇಡ.

ನಿನ್ನ ಅಜ್ಜಿ ಗಂಜಿ ಕೊಟ್ಟು ಪ್ರತಿಯಾಗಿ ಏನು ಕೇಳಿದರು? ಏನೂ ಇಲ್ಲ ಎಂದು ನಿನ್ನ ಪತ್ರದಿಂದ ತಿಳಿಯುತ್ತದೆ. ಮುಂದೆ ಯಾರಾದರೂ, ವಯಸ್ಸಿನಲ್ಲಿ ದೊಡ್ಡವರು, ನಿನ್ನ ಒಂಟಿತನ ನೋಡಿ ಹತ್ತಿರ ಬಂದು, "ಇದನ್ನು ಯಾರಿಗೂ ಹೇಳಬೇಡ" ಎಂದರೆ, ನಿನ್ನ ಗೆಳತಿಯರಿಂದ ನಿನ್ನನ್ನು ದೂರ ಮಾಡಿದರೆ, ನೀನು "ಬೇಡ" ಎಂದಾಗ ಮುಖ ತಿರುಗಿಸಿದರೆ, ಅಲ್ಲಿಂದ ಎದ್ದು ಬಾ. ಅವರು ಎಷ್ಟೇ ಒಳ್ಳೆಯ ಮಾತನಾಡಿರಲಿ.

ಇನ್ನೊಂದು ಚಿಂತೆ ನನಗಿದೆ. ಕಾದಂಬರಿಗಳಲ್ಲಿ ಹದಿನಾರು ಹದಿನೇಳರ ಮಕ್ಕಳೇ ಒಬ್ಬರನ್ನೊಬ್ಬರು ಸಾಕುತ್ತಾರೆ, ಕಾಯುತ್ತಾರೆ, ಬದುಕಿಸುತ್ತಾರೆ. ನಿನ್ನ ಗೆಳತಿಯರು ಪರೀಕ್ಷೆಗೂ ಓದಬೇಕು. ನಿನ್ನ ಭಾರವನ್ನೆಲ್ಲ ಅವರ ಮೇಲೆ ಹೊರಿಸಬೇಡ, ದೊಡ್ಡವರೊಬ್ಬರನ್ನು ಸೇರಿಸಿಕೊ. ಕಾಲೇಜಿನಲ್ಲಿ ನೀನು ನಂಬುವ ಮೇಷ್ಟರೋ ಮೇಡಮ್ಮೋ ಇದ್ದರೆ, ನನಗೆ ಬರೆದದ್ದನ್ನೇ ಅವರಿಗೂ ಹೇಳು. ತುರ್ತು ಸಂಪರ್ಕಕ್ಕೆಂದು ಕಾಲೇಜಿನಲ್ಲಿ ಕೊಟ್ಟಿರುವ ಸಂಖ್ಯೆಯ ಜೊತೆಗೆ, ಅಜ್ಜಿಯನ್ನು ಕೇಳಿ ಅವರದ್ದನ್ನೂ ಸೇರಿಸು. ರಾತ್ರಿ ಹೊತ್ತು ತಡೆಯಲಾಗದಷ್ಟು ದುಃಖ ಬಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡು, ಕನ್ನಡದಲ್ಲಿಯೇ ಮಾತನಾಡಬಹುದು. 18 ತುಂಬುವವರೆಗೆ ಮಕ್ಕಳ ಸಹಾಯವಾಣಿ 1098 ಕೂಡ ನಿನ್ನದೇ. ಕರೆ ಮಾಡಲು ಮೈಮೇಲೆ ಬಾಸುಂಡೆ ಇರಬೇಕೆಂದೇನಿಲ್ಲ.

ಹೆತ್ತವರ ಹತ್ತಿರ ಒಮ್ಮೆ ಕೇಳಿ ನೋಡಬೇಕೆನಿಸಿದರೆ, "ನನ್ನನ್ನು ಪ್ರೀತಿಸಿ" ಎಂದು ಕೇಳಬೇಡ, ಅದಕ್ಕೆ ಅವರು "ಪ್ರೀತಿ ಇಲ್ಲವೇ?" ಎಂದು ಸುಮ್ಮನಾಗುತ್ತಾರೆ. ದಿನಾಂಕ, ಗಂಟೆ, ಕೋಣೆಯ ಸಂಖ್ಯೆ ಬರೆದ ಚೀಟಿ ಕೊಟ್ಟು, ಈ ಸಲದ ಪೋಷಕರ ಸಭೆಗೆ ಇಬ್ಬರಲ್ಲಿ ಒಬ್ಬರು ಬರಬೇಕೆಂದು ಕೇಳು. ಬಂದರೆ ಸಂತೋಷ. ಬಾರದಿದ್ದರೆ ಅಜ್ಜಿಯನ್ನು ಕರೆದುಕೊಂಡು ಹೋಗಲು ಅನುಮತಿ ಕೊಡಿ ಎಂದು ನಿನ್ನ ಮೇಡಂಗೆ ಹೇಳು. ಅಜ್ಜಿ ರೇಷ್ಮೆ ಸೀರೆ ಉಟ್ಟು ಹೊರಡುತ್ತಾರೆ, ನೋಡುತ್ತಿರು.

ಪ್ರಶ್ನೆ: ಬೆಂಗಳೂರಿನಲ್ಲಿ ನಡೆಯುವ ತೋಳಮಾನವ ಕಾದಂಬರಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾಯಕಿಗೆ 16 ವರ್ಷ. ಅಪ್ಪ ಅಮ್ಮ ಇದ್ದರೆ ಅವಳು ರಾತ್ರಿ ಹೊರಗೆ ಹೋಗುವುದೇ ಕಷ್ಟ. ಅಪಘಾತದಲ್ಲಿ ಸಾಯಿಸಿಬಿಡಲೇ?
— ಯುವ ಲೇಖಕ, ಯಲಹಂಕ

ಉತ್ತರ: ದಯವಿಟ್ಟು ಬೇಡ. ಸತ್ತ ಹೆತ್ತವರು ನಿಮಗೆ ಕೆಲಸ ತಪ್ಪಿಸುತ್ತಾರೆ, ಅಷ್ಟೇ. ಬದುಕಿರುವ, ಒಳ್ಳೆಯ ಬಟ್ಟೆ ತೊಟ್ಟ, ನಗುಮುಖದ ಹೆತ್ತವರ ಕಣ್ಣೆದುರೇ ಮಗಳು ಮನೆಯಿಂದ ಹೊರಟು ಹೋಗಲಿ. ದಿನವೂ ರಾತ್ರಿ ಒಂಬತ್ತಕ್ಕೆ ಅಮ್ಮನಿಂದ "ಊಟ ಆಯಿತಾ" ಎಂಬ ವಾಟ್ಸ್ಆ್ಯಪ್ ಸಂದೇಶ ಬರುತ್ತದೆ. ಮಗಳು "ಇಲ್ಲ" ಎಂದು ಬರೆಯುತ್ತಾಳೆ. ನೀಲಿ ಗುರುತು ಬೀಳುತ್ತದೆ, ಉತ್ತರ ಬರುವುದಿಲ್ಲ, ಮರುದಿನ ಒಂಬತ್ತಕ್ಕೆ ಮತ್ತೆ ಅದೇ ಸಂದೇಶ. ಇಷ್ಟು ಬರೆದರೆ ಅವಳು ಯಾಕೆ ಹೊರಟಳೆಂದು ಬೇರೆ ವಿವರಿಸಬೇಕಾಗಿಲ್ಲ.

ಹಿಂಡನ್ನು ಬರೆಯುವಾಗಲೂ ಹುಣ್ಣಿಮೆಯ ಓಟವನ್ನು ಸ್ವಲ್ಪ ತಡೆದಿಟ್ಟುಕೊಳ್ಳಿ. ಐದಾರು ಜನ ಒಂದು ಬಾಡಿಗೆ ಮನೆಯಲ್ಲಿದ್ದರೆ ಪಾತ್ರೆ ತೊಳೆಯುವವರು ಯಾರು, ಕರೆಂಟ್ ಬಿಲ್ ಯಾರ ಕೈಯಿಂದ, ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ಹಣ ಎಲ್ಲಿಂದ, ಹುಷಾರು ತಪ್ಪಿದವರ ಪಕ್ಕ ರಜೆ ಹಾಕಿ ಕೂರುವವರು ಯಾರು? ಇವುಗಳ ಮೇಲೆ ಜಗಳವಾಗಲಿ. ಜಗಳವಾಡಿದ ಮೇಲೂ ಒಂದು ತಟ್ಟೆ ಮುಚ್ಚಿಟ್ಟಿದ್ದರೆ ಓದುಗರು ಆ ಹಿಂಡನ್ನು ನಂಬುತ್ತಾರೆ. ಯಾರಾದರೊಬ್ಬರು ಹಿಂಡು ಬಿಟ್ಟು ಹೋಗುವ ಅಧ್ಯಾಯವನ್ನೂ ಇಡಿ, ಹೋದವರನ್ನು ದ್ರೋಹಿ ಮಾಡದೆ ಬರೆಯಲು ಪ್ರಯತ್ನಿಸಿ.

ತೋಳಗಳನ್ನು ವಿದೇಶದ ಹಿಮದಿಂದ ತರಬೇಡಿ. ನಮ್ಮ ತೋಳ ಬಯಲುನಾಡಿನದು, ಕುರುಚಲು ಗಿಡಗಳ, ಕುರಿಹಟ್ಟಿಗಳ ಆಸುಪಾಸಿನದು. ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಅದಕ್ಕೆಂದೇ ವನ್ಯಧಾಮವಿದೆ. ನಾಯಕಿಯ ಅಜ್ಜಿಯ ಊರು ಆ ಕಡೆ ಇರಲಿ. ಬರೆಯುವ ಮೊದಲು ಹೋಗಿ ಕುರಿಗಾಹಿಗಳ ಹತ್ತಿರ ಕುಳಿತು ಕೇಳಿ. ಕುರಿ ಕಳೆದುಕೊಂಡವರಿಗೆ ತೋಳದ ಮೇಲೆ ಇರುವ ಸಿಟ್ಟನ್ನೂ ಬಿಡದೆ ಬರೆದುಕೊಳ್ಳಿ. ಮೊದಲ ಮೂರು ಅಧ್ಯಾಯ ಮುಗಿದ ಮೇಲೆ ಪತ್ರಿಕೆಯ ವಿಳಾಸಕ್ಕೆ ಕಳಿಸಿದರೆ ಓದುತ್ತೇನೆ. ಅಮ್ಮನ ಪಾತ್ರ ಬರುವ ಪುಟಗಳನ್ನು ಮೊದಲು ಓದುತ್ತೇನೆ.